ಸಹಿ ಹಾಕುವ ಮುನ್ನ ಲೆಕ್ಕ ನೋಡಬೇಕು

ಪ್ರಿಯ ಓದುಗರೇ,

ಆರ್ಥಿಕ ಬಿಕ್ಕಟ್ಟು ಬಂದಾಗ ಸರ್ಕಾರ, ಕಾರ್ಮಿಕ ಸಂಘ, ಮಾಲೀಕರು ಮೂವರೂ ಕೂತು ಮಾತಾಡಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದದ್ದಕ್ಕೆ ನೀವು ಎರಡು ಆಕ್ಷೇಪ ಎತ್ತಿದ್ದೀರಿ. ಮನೆಗೆ ಬೆಂಕಿ ಬಿದ್ದಾಗ ಯಾರೂ ಸಭೆ ಕರೆಯುವುದಿಲ್ಲ ಎಂಬುದು ಒಂದು. ಎಷ್ಟು ಮಾತಾಡಿದರೂ ಕೊನೆಗೆ ಕತ್ತರಿ ಬೀಳುವುದು ಸಂಬಳಕ್ಕೇ ಎಂಬುದು ಇನ್ನೊಂದು. ಎರಡನೆಯದು ತೂಕದ ಮಾತು, ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಬೆಂಕಿ ಬಿದ್ದಾಗ ಬಾವಿ ತೋಡಲಾಗದು, ನಿಜ. ಅದಕ್ಕೇ ಬಾವಿ ಮೊದಲೇ ಇರಬೇಕು. ನೆದರ್ಲೆಂಡ್ಸ್‌ನಲ್ಲಿ ಮಾಲೀಕರು ಮತ್ತು ಸಂಘಗಳು ಸೇರಿ ಕಾರ್ಮಿಕ ಪ್ರತಿಷ್ಠಾನ ಎಂಬ ಮಾತುಕತೆಯ ವೇದಿಕೆ ಕಟ್ಟಿಕೊಂಡದ್ದು 1945ರಲ್ಲಿ. 1982ರಲ್ಲಿ ನಿರುದ್ಯೋಗ ಏರುತ್ತಿದ್ದಾಗ ವಾಸೆನಾರ್ ಒಪ್ಪಂದ ಅಲ್ಲೇ ಕುದುರಿತು: ಸಂಘಗಳು ಸಂಬಳದ ಬೇಡಿಕೆಯನ್ನು ಹಿಡಿತದಲ್ಲಿಡುವುದು, ಮಾಲೀಕರು ಕೆಲಸದ ಅವಧಿ ತಗ್ಗಿಸಿ ಇರುವ ಕೆಲಸವನ್ನು ಹಂಚುವುದು. ಪರಿಚಯವಿದ್ದವರು ಬೇಗ ಮಾತು ಮುಗಿಸುತ್ತಾರೆ.

ಈಗ ಸಂಬಳದ ಮಾತು. 2009ರಲ್ಲಿ ಜರ್ಮನಿಯ ಒಟ್ಟು ದೇಶೀಯ ಉತ್ಪನ್ನ (ಜಿಡಿಪಿ) ಶೇ 5ಕ್ಕೂ ಹೆಚ್ಚು ಕುಸಿಯಿತು, ಆದರೂ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. ಕಾರಣಗಳಲ್ಲಿ ಮುಖ್ಯವಾದದ್ದು ಅಲ್ಲಿನ ಅಲ್ಪಾವಧಿ ಕೆಲಸದ ವ್ಯವಸ್ಥೆ. ಆರ್ಡರ್ ಇಲ್ಲದ ಕಾರ್ಖಾನೆ ಜನರನ್ನು ಮನೆಗೆ ಕಳಿಸುವ ಬದಲು ಗಂಟೆಗಳನ್ನು ಕಡಿಮೆ ಮಾಡುತ್ತದೆ, ಕಳೆದುಹೋದ ಕೈಸಂಬಳದ ಒಂದು ಭಾಗವನ್ನು ನಿರುದ್ಯೋಗ ವಿಮಾ ನಿಧಿ ತುಂಬುತ್ತದೆ: ಶೇ 60, ಮಕ್ಕಳಿದ್ದವರಿಗೆ ಶೇ 67. ಲೆಕ್ಕ ಹಾಕಿ ನೋಡಿ. ಕೈಗೆ 100 ಬರುತ್ತಿತ್ತು, ಕೆಲಸ ಶೇ 40 ಇಳಿಯಿತು ಅನ್ನೋಣ. ಮಾಡಿದ ಕೆಲಸಕ್ಕೆ ಸುಮಾರು 60, ಹೋದ 40ರಲ್ಲಿ ನಿಧಿಯಿಂದ 24. ಒಟ್ಟು 84. ಮಗುವಿದ್ದರೆ 87ರ ಹತ್ತಿರ. ಕತ್ತರಿ ಬಿತ್ತು, ಹೌದು. ಆದರೆ ಕೆಲಸ ಶೇ 40 ಹೋದ ಮನೆಯಲ್ಲಿ ಆದಾಯ ಹೋದದ್ದು ಶೇ 16. ಆ ನಷ್ಟವನ್ನು ಕಾರ್ಮಿಕ, ಕಂಪನಿ, ನಿಧಿ ಮೂವರೂ ಹೊತ್ತರು. 2009ರ ನಡುವೆ ಈ ವ್ಯವಸ್ಥೆಯಲ್ಲಿ ಇದ್ದವರು 15 ಲಕ್ಷದ ಆಸುಪಾಸು. ನೌಕರರೇ ಆರಿಸಿದ ಕಾರ್ಮಿಕ ಮಂಡಳಿ ಇರುವ ಕಡೆ ಅದರ ಒಪ್ಪಿಗೆಯಿಲ್ಲದೆ ಆಡಳಿತವರ್ಗ ಗಂಟೆಗಳನ್ನು ಇಳಿಸುವಂತಿಲ್ಲ ಎಂಬ ಕಟ್ಟು ಇಲ್ಲದಿದ್ದರೆ ಇದು ಮಾಲೀಕರಿಗೆ ಸಿಕ್ಕ ಸಬ್ಸಿಡಿಯಷ್ಟೇ ಆಗುತ್ತಿತ್ತು.

ನಿಮ್ಮ ಅನುಮಾನಕ್ಕೆ ಬಲವಾದ ಸಾಕ್ಷಿ ಬೇಕಿದ್ದರೆ ದಕ್ಷಿಣ ಕೊರಿಯಾದಲ್ಲಿದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸಾಲದ ಒತ್ತಡದಲ್ಲಿ 1998ರ ಜನವರಿಯಲ್ಲಿ ತ್ರಿಪಕ್ಷೀಯ ಆಯೋಗ ಕೂತಿತು, ಫೆಬ್ರವರಿಯಲ್ಲೇ ಒಪ್ಪಂದವಾಯಿತು. ಕಂಪನಿ ಸಂಕಟದಲ್ಲಿದ್ದರೆ ಜನರನ್ನು ತೆಗೆಯಲು ಕಾನೂನಿನ ದಾರಿ. ಬದಲಿಗೆ ನಿರುದ್ಯೋಗ ವಿಮೆಯ ವಿಸ್ತರಣೆ, ಶಿಕ್ಷಕರ ಸಂಘಕ್ಕೆ ಮಾನ್ಯತೆ ಮುಂತಾದವು. ಕೆಲವೇ ದಿನಗಳಲ್ಲಿ ಅಲ್ಲಿನ ದೊಡ್ಡ ಕಾರ್ಮಿಕ ಸಂಘಗಳ ಒಕ್ಕೂಟವಾದ ಕೆಸಿಟಿಯುವಿನ ಪ್ರತಿನಿಧಿಗಳು ಸಭೆ ಸೇರಿ, ತಮ್ಮ ನಾಯಕರೇ ಒಪ್ಪಿಬಂದದ್ದನ್ನು ತಿರಸ್ಕರಿಸಿದರು. ನಾಯಕತ್ವ ರಾಜೀನಾಮೆ ಕೊಟ್ಟಿತು. ಆದರೂ ಜನರನ್ನು ತೆಗೆಯುವ ಕಾನೂನು ಅದೇ ತಿಂಗಳು ಪಾಸಾಯಿತು. ಶಿಕ್ಷಕರ ಸಂಘದ ಕಾನೂನಿಗೆ 1999ರವರೆಗೆ ಕಾಯಬೇಕಾಯಿತು. ಆ ವರ್ಷ ಫೆಬ್ರವರಿಯಲ್ಲಿ ಕೆಸಿಟಿಯು ಆಯೋಗದಿಂದಲೇ ಹೊರನಡೆಯಿತು. ಇಲ್ಲಿ ತಪ್ಪು ಎರಡು. ಸದಸ್ಯರ ಒಪ್ಪಿಗೆ ಪಡೆಯುವ ಮುನ್ನ ಸಹಿ ಬಿತ್ತು. ಕೊಡುವುದಕ್ಕೂ ಪಡೆಯುವುದಕ್ಕೂ ಒಂದೇ ದಿನಾಂಕ ಇರಲಿಲ್ಲ.

ಎದುರು ಪಕ್ಷದ ಬೆನ್ನ ಹಿಂದೆ ಯಾರಿದ್ದಾರೆ ಎಂದೂ ನೋಡಬೇಕು. 2009ರ ಡಿಸೆಂಬರ್‌ನಲ್ಲಿ ಐರ್ಲೆಂಡ್‌ನ ಸರ್ಕಾರಿ ನೌಕರರ ಸಂಘಗಳು ಸಂಬಳ ಕಡಿತದ ಬದಲು 12 ದಿನ ವೇತನರಹಿತ ರಜೆಗೆ ಒಪ್ಪಿದ್ದವು. ಆಡಳಿತ ಪಕ್ಷದ ಸದಸ್ಯರೇ ತಿರುಗಿಬಿದ್ದರು, ಮಾತುಕತೆ ಮುರಿಯಿತು, ಬಜೆಟ್ಟಿನಲ್ಲಿ ನೇರ ಕಡಿತ ಬಂತು. ಆದರೆ ಮರುವರ್ಷ ಸರ್ಕಾರ, ಸಂಘಗಳು ಮತ್ತೆ ಕೂತು ಕ್ರೋಕ್ ಪಾರ್ಕ್ ಒಪ್ಪಂದ ಮಾಡಿಕೊಂಡರು: 2014ರವರೆಗೆ ಇನ್ನಷ್ಟು ಕಡಿತವಿಲ್ಲ, ಬಲವಂತವಾಗಿ ಕೆಲಸದಿಂದ ತೆಗೆಯುವುದಿಲ್ಲ, ಬದಲಿಗೆ ಕೆಲಸದ ವಿಧಾನದಲ್ಲಿ ಸುಧಾರಣೆ, ಕೈಗಾರಿಕಾ ಶಾಂತಿ. ಗ್ರೀಸ್‌ಗೆ ಆ ಅವಕಾಶವೂ ಸಿಗಲಿಲ್ಲ. ಕನಿಷ್ಠ ವೇತನದ ಬಗ್ಗೆ ಅಲ್ಲಿ ಸಂಘಗಳಿಗೂ ಮಾಲೀಕರಿಗೂ ಒಪ್ಪಂದವಿತ್ತು. 2012ರ ಫೆಬ್ರವರಿಯಲ್ಲಿ, ಸಾಲ ಕೊಟ್ಟವರ ಷರತ್ತಿನಂತೆ, ಕಾನೂನಿನ ಮೂಲಕ ಅದನ್ನು ಶೇ 22 ಇಳಿಸಿದರು. 25 ವರ್ಷದೊಳಗಿನವರಿಗೆ ಶೇ 32. ಮಾಲೀಕರ ಸಂಘಟನೆಗಳೂ ಇದನ್ನು ವಿರೋಧಿಸಿದ್ದವು ಎಂಬುದನ್ನು ದಯವಿಟ್ಟು ಗಮನಿಸಿ.

ಹಾಗಾಗಿ ಒಪ್ಪಂದದ ಕರಡು ಕೈಗೆ ಬಂದಾಗ ಮೊದಲು ಕಂಪನಿಯ ಲೆಕ್ಕಪತ್ರ ಕೇಳಿ: ಕೈಯಲ್ಲಿರುವ ಆರ್ಡರ್, ನಗದು, ಸಾಲದ ಕಂತು. ಅದಿಲ್ಲದೆ ಸಂಖ್ಯೆಯ ಮಾತೇ ಬೇಡ. ಕಡಿತ ಎಷ್ಟು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಬರೆಸಿ. "ಪರಿಸ್ಥಿತಿ ಸುಧಾರಿಸುವವರೆಗೆ" ಎಂಬ ಸಾಲನ್ನು ಹೊಡೆದು ಹಾಕಿಸಿ. ಹಳೆಯ ಸಂಬಳ ಯಾವಾಗ ಮರಳುತ್ತದೆ, ಅಷ್ಟರೊಳಗೆ ಲಾಭಾಂಶ ಹಂಚಬಹುದೇ, ಮಾತು ತಪ್ಪಿದರೆ ಯಾರ ಬಳಿ ಹೋಗಬೇಕು, ಎಲ್ಲವೂ ಕಾಗದದಲ್ಲಿರಲಿ. ಪ್ರತಿ ಸಭೆಯ ನಡಾವಳಿಗೆ ಅಂದೇ ಮೂವರ ಸಹಿ ಬೀಳಲಿ. ಅಂತಿಮ ಸಹಿಗೆ ಮುನ್ನ ಸದಸ್ಯರ ಮತದಾನ ನಡೆಯಲಿ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ನನ್ನನ್ನು ಹೆಚ್ಚು ಕಾಡುವ ಒಂದು ಪ್ರಶ್ನೆಯಿದೆ. ಜರ್ಮನಿಯಲ್ಲೂ ಆ ಬಿಕ್ಕಟ್ಟಿನಲ್ಲಿ ಮೊದಲು ಕೆಲಸ ಕಳೆದುಕೊಂಡವರು ಏಜೆನ್ಸಿ ಮೂಲಕ ಬಂದವರು. ಕಾಯಂ ನೌಕರರನ್ನು ಉಳಿಸಿದ ಒಪ್ಪಂದಗಳು ಅವರನ್ನು ಅಷ್ಟಾಗಿ ಕಾಯಲಿಲ್ಲ. ಸಂಘದ ಕಡೆಯಿಂದ ಕೂರುವವರಲ್ಲಿ ಗುತ್ತಿಗೆ ಕಾರ್ಮಿಕರ ಪ್ರತಿನಿಧಿ ಒಬ್ಬರಾದರೂ ಇದ್ದಾರೆಯೇ ಎಂದು ಮೊದಲ ಸಭೆಗೆ ಮುನ್ನವೇ ಕೇಳಿ.

ಸಂಪಾದಕ