ವೀಣೆಗೆ ಮಾತ್ರ ಅರ್ಧ ಪುಟ

ಪ್ರಶ್ನೆ: ನನಗೆ 43 ವರ್ಷ. ಮಹಾಲಕ್ಷ್ಮಿ ಲೇಔಟ್‌ನಲ್ಲಿ ಮನೆ, ಜಯನಗರದಲ್ಲಿ ಆಫೀಸು. ಪ್ರತಿ ಯುಗಾದಿಗೂ ಗುರಿಗಳ ಪಟ್ಟಿ ಬರೆಯುತ್ತೇನೆ. ಈ ಸಲ ಹತ್ತು ಕೆಜಿ ತೂಕ ಇಳಿಸುವುದು, ಡಾಕ್ಟರ್ ಹೇಳಿದ ನಡಿಗೆ, 24 ಪುಸ್ತಕ, ಕಂಪ್ಯೂಟರ್ ಕೋರ್ಸ್, ಅಮ್ಮನ ವೀಣೆ. ತಿಂಗಳೊಳಗೆ ಎಲ್ಲವೂ ನಿಂತುಹೋಯಿತು. ಒಂದು ದಿನ ತಪ್ಪಿದರೆ ಮತ್ತೆ ಮನಸ್ಸೇ ಬರುವುದಿಲ್ಲ. ನನ್ನ ಕೈಲಿ ಏನೂ ಆಗುವುದಿಲ್ಲ ಅನ್ನಿಸಿಬಿಟ್ಟಿದೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಜಾಗ ಸಾಲದೆ ನಿಮ್ಮ ಪತ್ರವನ್ನು ಚಿಕ್ಕದು ಮಾಡಿದ್ದೇನೆ, ಬೇಜಾರಾಗಬೇಡಿ. ಪೂರ್ತಿ ಪತ್ರದಲ್ಲಿ ನಾಲ್ಕು ಗುರಿಗಳಿಗೆ ಒಂದೊಂದೇ ಸಾಲು. ವೀಣೆಗೆ ಮಾತ್ರ ಅರ್ಧ ಪುಟ. ಅಮ್ಮ ಹೋದ ಮೇಲೆ ಅದನ್ನು ಅವರ ಸೀರೆಯಲ್ಲೇ ಸುತ್ತಿಟ್ಟಿದ್ದು, ತಂತಿ ಹರಿದಿದ್ದು, ಸರಳೆ ವರಸೆ ಇನ್ನೂ ಬೆರಳಲ್ಲಿ ಉಳಿದಿರುವುದು. ನಿಮಗೆ ಬೇಕಾದದ್ದು ಯಾವುದು ಅಂತ ನೀವೇ ಬರೆದಿದ್ದೀರಿ, ಅಲ್ವಾ?

ಪುಸ್ತಕದ ಲೆಕ್ಕ, ಕೋರ್ಸ್ ಈ ವರ್ಷ ಬಿಡಿ. ನಡಿಗೆ ಬಿಡಬೇಡಿ. ಬೆಳಿಗ್ಗೆ ಮೆಟ್ರೋದಲ್ಲಿ ಜಯನಗರಕ್ಕೆ ಒಂದು ನಿಲ್ದಾಣ ಮೊದಲು, ಸೌತ್ ಎಂಡ್ ಸರ್ಕಲ್‌ನಲ್ಲೇ ಇಳಿದು ಆಫೀಸಿಗೆ ನಡೆಯಿರಿ.

ನೀವು ಓಡಾಡುವ ಹಸಿರು ಮೆಟ್ರೋ ಚಿಕ್ಕಪೇಟೆಯಲ್ಲೂ ನಿಲ್ಲುತ್ತದೆ. ಬಳೇಪೇಟೆಯ ವಾದ್ಯದ ಅಂಗಡಿಗಳು ಅಲ್ಲಿಂದ ಹತ್ತಿರ. ಈ ವಾರ ಒಂದು ಸಂಜೆ ಇಳಿದುಬಿಡಿ. ವೀಣೆಯ ಫೋಟೋ ತೋರಿಸಿ ತಂತಿ ಕೇಳಿ. ಬಹಳ ದಿನ ಮುಟ್ಟದಿದ್ದರೆ ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳನ್ನು ಹಿಡಿದ ಮೇಣವೂ ಹಾಳಾಗಿರಬಹುದು. ಅದನ್ನೂ ವಿಚಾರಿಸಿ. ಈ ವಾರಕ್ಕೆ ಇಷ್ಟು ಸಾಕು.

ನಾನು 51ನೇ ವಯಸ್ಸಿನಲ್ಲಿ ತೆಲುಗು ಓದಲು ಕಲಿತೆ. ಅಜ್ಜಿಯ ಹಾಡಿನ ಪುಸ್ತಕ ಆ ಲಿಪಿಯಲ್ಲಿತ್ತು. ಬಿಡುವಾದಾಗ ಕಲಿಯೋಣ ಅಂತ ಎರಡು ವರ್ಷ ಕಳೆದೆ. ಬಿಡುವು ಆಗಲೇ ಇಲ್ಲ. ಕೊನೆಗೆ, ಕಾಫಿ ಫಿಲ್ಟರ್‌ಗೆ ಬಿಸಿನೀರು ಹಾಕಿದ ಕೂಡಲೇ ಪುಸ್ತಕ ತೆಗೆಯುವುದು ಅಂತ ಮಾಡಿಕೊಂಡೆ. ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಓದು. ಹೀಗೆ 'ಇದಾದ ಕೂಡಲೇ ಅದು' ಅಂತ ಮೊದಲೇ ಗೊತ್ತುಮಾಡಿಕೊಂಡರೆ ಕೆಲಸ ಸಾಗುವುದು ಜಾಸ್ತಿ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1999ರಲ್ಲೇ ಬರೆದಿದ್ದಾರೆ. ಸಂಜೆ ದೇವರ ದೀಪ ಹಚ್ಚುತ್ತೇನೆ ಅಂದಿದ್ದೀರಿ. ದೀಪ ಹಚ್ಚಿದ ಕೂಡಲೇ ವೀಣೆ ಮುಂದೆ ಕೂತುಬಿಡಿ. ಹತ್ತೇ ನಿಮಿಷ.

ದಿನ ತಪ್ಪಿದರೆ? ತಪ್ಪಲಿ, ಮಾರನೇ ದಿನ ಕೂರಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನ ಹೊಸ ಅಭ್ಯಾಸ ರೂಢಿಸಿಕೊಳ್ಳುವುದನ್ನು ಗಮನಿಸಿದರು. ಅದು ಮೈಗೂಡಲು 18ರಿಂದ 254 ದಿನದವರೆಗೂ ಬೇಕು ಎಂದು ಅವರ ಲೆಕ್ಕ. ನಡುವೆ ಒಂದು ದಿನ ಬಿಟ್ಟಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ನೀವು ಒಂದೇ ತಿಂಗಳಿಗೆ ಕೈಲಾಗದವಳು ಅಂದುಕೊಂಡಿರಿ. ನನಗೆ ಸಂಕಟವಾಗಿದ್ದು ಅದಕ್ಕೆ.

ತಂತಿ ಕಟ್ಟಿಸಿದ ಮೇಲೆ ಮತ್ತೆ ಬರೆಯಿರಿ. ಅಮ್ಮನಿಗೆ ಇಷ್ಟದ ರಾಗ ಯಾವುದಿತ್ತು ಅಂತಲೂ ತಿಳಿಸಿ.