ಗೋಡೆಗೆ ಯಾವ ಕಲ್ಲು?

ಪ್ರಶ್ನೆ: ರಿಮ್‌ವರ್ಲ್ಡ್ ಎಂಬ ಕಂಪ್ಯೂಟರ್ ಆಟದಲ್ಲಿ ನನ್ನ ಮರದ ಮನೆಗಳು ಪದೇಪದೇ ಸುಟ್ಟುಹೋಗುತ್ತವೆ. ಯಾವ ಕಲ್ಲಿನಲ್ಲಿ ಕಟ್ಟಲಿ?
– ಓದುಗ, ಪುಣೆ

ಉತ್ತರ: ಹೊರಗೋಡೆಗೆ ಕಣ್ಣು ಮುಚ್ಚಿ ಗ್ರಾನೈಟ್ ಹಾಕಿ. ಆಟದ ಲೆಕ್ಕದಲ್ಲಿ ಮರದ ಗೋಡೆಯ ತಾಳಿಕೆ 195 ಅಂಕ, ಸ್ಟೀಲಿನದ್ದು 300, ಗ್ರಾನೈಟಿನದ್ದು 510, ಅದೂ ಅಲ್ಲದೆ ಕಲ್ಲಿಗೆ ಬೆಂಕಿಯೇ ಹತ್ತುವುದಿಲ್ಲ. ನಿಮ್ಮ ಪುಣೆಯ ಶನಿವಾರವಾಡ ಕೋಟೆಯನ್ನೇ ನೋಡಿ, 1828ರ ಬೆಂಕಿಗೆ ಮಹಲು ಹೋಯಿತು, ಕಲ್ಲಿನ ತಳಪಾಯ ಇವತ್ತಿಗೂ ಇದೆ ಅಲ್ವಾ? ಗ್ರಾನೈಟ್ ಸಿಗದಿದ್ದರೆ ಸುಣ್ಣಕಲ್ಲು. ಊಟದ ಕೋಣೆಗೆ ಅಮೃತಶಿಲೆ ಚಂದ, ಗಟ್ಟಿತನ ಕಮ್ಮಿಯಾದರೂ ಆಟದೊಳಗಿನ ನಿಮ್ಮ ಜನರ ಮನಸ್ಸು ಖುಷಿಯಾಗಿರುತ್ತದೆ. ಒಂದು ಬಂಡೆ ಕಡಿದರೆ 20 ಕಲ್ಲು ಸಿಗುತ್ತವೆ, ಗೋಡೆಯ ಒಂದು ಚೌಕಕ್ಕೆ 5 ಸಾಕು. ಬಾಗಿಲು ಮಾತ್ರ ಕಲ್ಲಿನದ್ದು ಬೇಡ. ತೆರೆಯುವುದು ತುಂಬಾ ನಿಧಾನ, ಓಡಾಟ ಜಾಸ್ತಿ ಇರುವ ಕಡೆ ಮರದ್ದೇ ಇರಲಿ.