ನಯಾಗರಾ ನದಿಯ ಸ್ಟ್ರಾಬೆರಿ ದ್ವೀಪವು ರಾಜ್ಯ ಉದ್ಯಾನವಾಗಿದ್ದರೂ ಅಲ್ಲಿ ಸೌಲಭ್ಯಗಳೇಕೆ ಇಲ್ಲ?

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಸಮೀಪ, ಗ್ರ್ಯಾಂಡ್ ಐಲ್ಯಾಂಡಿನ ದಕ್ಷಿಣ ತುದಿಯ ಹತ್ತಿರ ನಯಾಗರಾ ನದಿಯ ನಡುವೆ ಇರುವ ಈ ದ್ವೀಪವನ್ನು ಉದ್ಯಾನವೆಂದು ಕರೆಯುವುದು ಆಡಳಿತದ ರೂಢಿಯೇ ಹೊರತು, ಅಲ್ಲಿ ಹುಲ್ಲುಹಾಸನ್ನೋ ಕಲ್ಲುಬೆಂಚನ್ನೋ ನಿರೀಕ್ಷಿಸಬಾರದು. ಸೇತುವೆ ಇಲ್ಲದ ಕಾರಣ ದೋಣಿಯಲ್ಲೇ ಹೋಗಬೇಕು. ಮುಖ್ಯ ಕಾರಣವಿರುವುದು ಅದರ ಇತಿಹಾಸದಲ್ಲಿ: ಒಂದು ಕಾಲಕ್ಕೆ 200 ಎಕರೆಗೂ ಮಿಗಿಲಾಗಿದ್ದ ಈ ನೆಲವನ್ನು 20ನೆಯ ಶತಮಾನದ ಪೂರ್ವಾರ್ಧದಲ್ಲಿ ಮರಳು, ಜಲ್ಲಿಗಾಗಿ ಅಗೆದು ಸಾಗಿಸಿದರು, ಅಳಿದುಳಿದ ಅಂಚನ್ನು ಪ್ರವಾಹವೂ ಮಂಜುಗಡ್ಡೆಯೂ ಕೊರೆದವು. ಈಗ ಉಳಿದಿರುವುದು ಕುದುರೆಲಾಳದಂತೆ ಬಾಗಿದ ಕೆಲವೇ ಎಕರೆಗಳ ಪಟ್ಟಿ. ಆದರೆ ಅದು ಸುತ್ತುವರಿದಿರುವ ಆಳವಿಲ್ಲದ ನಿಶ್ಚಲ ನೀರು ಮಸ್ಕೆಲಂಜ್ ಮೀನು ಮೊಟ್ಟೆಯಿಡಲು ಪ್ರಶಸ್ತವಾಗಿದ್ದು, ಜಲಪಕ್ಷಿಗಳಿಗೂ ಆಸರೆಯಾಗಿದೆ. ಆದ್ದರಿಂದಲೇ ಅಲ್ಲಿ ಕಟ್ಟಡ ಕಟ್ಟುವುದಕ್ಕಿಂತ ದಡಕ್ಕೆ ಬಂಡೆಗಳನ್ನು ಪೇರಿಸಿ ಸವಕಳಿ ತಡೆಯುವುದೇ ಹೆಚ್ಚು ಅರ್ಥಪೂರ್ಣವಾದ ಕೆಲಸವಾಗಿದೆ.